ಮೊಬೈಲ್ ಆಟದಿಂದ ನಾಲ್ಕು ವರ್ಷದ ಮಗುವಿಗೆ ಸಂಖ್ಯೆಯ ಅರಿವು ಬರುತ್ತದೆಯೇ?

ಬರುತ್ತದೆ, ಆಟದ ಆಯ್ಕೆ ಸರಿಯಿದ್ದರೆ. ನಿಮ್ಮ ಮಗ ಇಪ್ಪತ್ತರವರೆಗೆ ಒಪ್ಪಿಸುತ್ತಾನೆ, ‘ಐದು ಕೊಡು’ ಎಂದರೆ ತಡವರಿಸುತ್ತಾನೆ ಎಂದಿದ್ದೀರಿ. ಗಾಬರಿ ಬೇಡ. ಬಾಯಿಪಾಠ ಬೇರೆ, ಎಣಿಸುವಾಗ ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಂದು ತಿಳಿಯುವುದು ಬೇರೆ.

ಹಾಡಿನ ವಿಡಿಯೊಗಳಿಗಿಂತ, ಬೆರಳಿನಿಂದ ಒಂದೊಂದೇ ವಸ್ತುವನ್ನು ಎಳೆದು ಬುಟ್ಟಿಗೆ ಹಾಕುವ ಆಟ ಮೇಲು. ಮೂರು ಚುಕ್ಕಿ ತೋರಿಸಿ, ತಕ್ಷಣ ಮರೆಮಾಡಿ ‘ಎಷ್ಟಿತ್ತು?’ ಎಂದು ಕೇಳುವ ಆಟವೂ ಒಳ್ಳೆಯದು. ಎಣಿಸದೆಯೇ ಗುರುತಿಸಲು ಕಣ್ಣು ಪಳಗುತ್ತದೆ. ಸಮಯದ ಗಡುವಿಟ್ಟು ಅವಸರಪಡಿಸುವ ಆಟಗಳನ್ನು ನಾನಂತೂ ಅಳಿಸಿಬಿಡುತ್ತೇನೆ.

ನಮ್ಮದು ಚಿಕ್ಕಮಗಳೂರು. ಮಗಳು ಪರದೆಯಲ್ಲಿ ಐದು ಸೇಬು ಎಳೆದ ಕೂಡಲೇ, ಕಣದಲ್ಲಿ ಒಣಗಲು ಹರವಿದ ಕಾಫಿ ಹಣ್ಣಿನಲ್ಲಿ ಐದು ತರಲು ಹೇಳುತ್ತಿದ್ದೆ. ಮೊದಲ ದಿನ ಮುಷ್ಟಿ ತುಂಬ ತಂದಳು. ಸಾಲಾಗಿಟ್ಟು, ಮುಟ್ಟಿ ಮುಟ್ಟಿ ಎಣಿಸಿದೆವು. ಅದೇ ಐದನ್ನು ದೂರ ದೂರ ಹರಡಿ ‘ಈಗೆಷ್ಟು?’ ಎಂದರೆ ಮತ್ತೆ ಮೊದಲಿನಿಂದ ಎಣಿಸುತ್ತಿದ್ದಳು. ಕೆಲವು ವಾರಗಳ ನಂತರ ಒಂದು ಸಂಜೆ, ಎಣಿಸದೆಯೇ ‘ಐದೇ ಅಲ್ಲವೇ ಅಮ್ಮ’ ಎಂದಳು. ನನಗೆ ಕಣ್ಣು ತುಂಬಿತು.

ದಿನಕ್ಕೆ 15 ನಿಮಿಷ ಸಾಕು, ಪಕ್ಕದಲ್ಲಿ ನೀವಿರಬೇಕು. ಈ ವಯಸ್ಸಿಗೆ ಪರದೆಯ ಮುಂದೆ ಒಟ್ಟು 1 ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.