ಕಾಪುವಿನ ಅಂಗಳದಲ್ಲಿ ಲುಪಿನ್ ಅರಳೀತಾ?

ಪ್ರಶ್ನೆ: ಕಳೆದ ವರ್ಷ ಮೇ ಕೊನೆಗೆ ಅಮೆರಿಕದ ಮಿಷಿಗನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಲ್ಲಿನ ಬಯಲಲ್ಲಿ ನೀಲಿ ಹೂವಿನ ಕಾಡು ಲುಪಿನ್ ಕಂಡು ಮರುಳಾದೆ. ನಮ್ಮ ಅಂಗಳದ್ದೂ ಅದೇ ಥರ ಹೊಯಿಗೆ ಮಣ್ಣು. ಮಗಳು ಬರುವಾಗ ಬೀಜ ತರಿಸಲಾ?
– ಓದುಗರೊಬ್ಬರು, ಕಾಪು

ಉತ್ತರ: ಮಣ್ಣಿನ ಬಗ್ಗೆ ನಿಮ್ಮ ಅಂದಾಜು ಸರಿ. ಕಾಡು ಲುಪಿನ್, ಅಂದರೆ ಲುಪಿನಸ್ ಪೆರೆನಿಸ್, ಕೇಳುವುದು ನೀರು ನಿಲ್ಲದ, ಸ್ವಲ್ಪ ಹುಳಿ ಗುಣದ, ಸಾರ ಕಡಿಮೆಯಿರುವ ಹೊಯಿಗೆ ಮಣ್ಣನ್ನೇ. ತೊಂದರೆ ಇರುವುದು ನಮ್ಮ ಹವೆಯಲ್ಲಿ. ಅಲ್ಲಿ ಚಳಿಗಾಲದಲ್ಲಿ ಗಿಡ ಒಣಗಿ ಬೇರು ಮಾತ್ರ ಹಿಮದ ಕೆಳಗೆ ಉಳಿಯುತ್ತದೆ, ವಸಂತಕ್ಕೆ ಮತ್ತೆ ಚಿಗುರುತ್ತದೆ. ಮೊದಲ ವರ್ಷ ಸಾಮಾನ್ಯವಾಗಿ ಬರೀ ಎಲೆ. ಹೂವು ಬೇಕಾದರೆ ಎರಡು ಮೂರು ವರ್ಷ ಕಾಯಬೇಕು. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಅದೂ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಅದನ್ನು ದಾಟಿದರಲ್ವಾ ಎರಡನೇ ವರ್ಷದ ಮಾತು?

ಬೆಂಗಳೂರಿನಿಂದ ತಂದ ಲುಪಿನ್ ಬೀಜವನ್ನು ನಾನೂ ಒಮ್ಮೆ ಕುಂಡದಲ್ಲಿ ಹಾಕಿದ್ದೆ. ಡಿಸೆಂಬರ್‌ನಲ್ಲಿ ಎಲೆ ನೋಡಬೇಕಿತ್ತು. ಅಂಗೈ ಬಿಡಿಸಿದ ಹಾಗೆ ಎಂಟೊಂಬತ್ತು ಬೆರಳು, ನಡುವೆ ಒಂದೇ ಒಂದು ಇಬ್ಬನಿ ಹನಿ. ಮಾರ್ಚ್‌ಗೆ ಅಂಚು ಕಂದಿತು. ಜೂನ್‌ನ ಎರಡನೇ ವಾರ ಬುಡ ಕಪ್ಪಾಗಿ ಮಲಗಿತು. ಕಿತ್ತು ನೋಡಿದರೆ ಬೇರಿನಲ್ಲಿ ಒಂದು ಗಂಟೂ ಇಲ್ಲ. ಪಕ್ಕದ ಅಲಸಂಡೆ ಬೇರಲ್ಲಿ ಗಂಟುಗಳು ತುಂಬಿದ್ದವು, ಉಗುರಲ್ಲಿ ಒಡೆದರೆ ಒಳಗೆ ಗುಲಾಬಿ ಬಣ್ಣ. ಎರಡೂ ಬೇರಿನ ಗಂಟಲ್ಲಿರುವ ಬ್ಯಾಕ್ಟೀರಿಯಾದ ಸಹಾಯದಿಂದ ಗಾಳಿಯ ಸಾರಜನಕ ಹಿಡಿಯುವ ಜಾತಿಯೇ. ಆದರೆ ಲುಪಿನ್‌ಗೆ ಅದರದ್ದೇ ಬ್ಯಾಕ್ಟೀರಿಯಾ ಬೇಕು, ಸಿಕ್ಕಿದ್ದೆಲ್ಲ ಆಗುವುದಿಲ್ಲ.

ಇನ್ನು ಬೀಜ ತರಿಸುವುದು. ಸೂಟ್‌ಕೇಸಿನಲ್ಲಿ ಸುಮ್ನೆ ಹಾಕಿ ತರುವ ಹಾಗಿಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ, ಅಲ್ಲಿನ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಮಗಳಿಗೆ ಆ ಕಿರಿಕಿರಿ ಯಾಕೆ?

ಇಲ್ಲೇ ಪ್ಯಾಕೆಟ್ ಸಿಕ್ಕಿ, ಎಲೆ ನೋಡಿದರೂ ಸಾಕು ಅನಿಸಿದರೆ ಅಕ್ಟೋಬರ್ ಕೊನೆಗೆ ಹಾಕಿ. ಬೀಜದ ಸಿಪ್ಪೆ ಗಟ್ಟಿ. ಸ್ಯಾಂಡ್‌ಪೇಪರ್‌ನಲ್ಲಿ ಮೆಲ್ಲಗೆ ಉಜ್ಜಿ, ಒದ್ದೆ ಹೊಯಿಗೆಯಲ್ಲಿ ಕಲಸಿ, ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಹತ್ತು ದಿನ ಇಡಿ. ಫ್ರೀಜರ್‌ನಲ್ಲಿ ಅಲ್ಲ. ಬೇರು ನೇರ ಆಳಕ್ಕೆ ಇಳಿಯುವುದರಿಂದ ಒಂದೂವರೆ ಅಡಿ ಆಳದ ಕುಂಡದಲ್ಲೇ ಅರ್ಧ ಇಂಚು ಕೆಳಗೆ ಬಿತ್ತಿ. ಆಮೇಲೆ ಕಿತ್ತು ನೆಟ್ಟರೆ ಬದುಕುವುದು ಕಷ್ಟ. ಹೊಳೆ ಹೊಯಿಗೆಗೆ ಮುರಕಲ್ಲಿನ ಪುಡಿ ಸೇರಿಸಿದರೆ ಸಾಕು. ಕಡಲ ಹೊಯಿಗೆ ಬೇಡ, ಉಪ್ಪು. ಹಟ್ಟಿಗೊಬ್ಬರವೂ ಬೇಡ. ನಮ್ಮವರು ಎಲ್ಲದಕ್ಕೂ ಸುರಿಯುವ ಸುಡುಮಣ್ಣು, ಸುಣ್ಣ ಅಂತೂ ಬೇಡವೇ ಬೇಡ, ಹುಳಿ ಗುಣ ಹೋಗುತ್ತದೆ. ಕಾಯಿ, ಬೀಜದಲ್ಲಿ ವಿಷವಿದೆ. ಅವರೆ ಥರ ಕಾಣುತ್ತದೆಂದು ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

ಮಿಷಿಗನ್‌ನಲ್ಲಿ ಆ ಗಿಡಕ್ಕೆ ಇಷ್ಟು ಬೆಲೆ ಬರಲು ಇನ್ನೊಂದು ಕಾರಣವಿದೆ. ಕಾರ್ನರ್ ಬ್ಲೂ ಎಂಬ ಪುಟ್ಟ ನೀಲಿ ಚಿಟ್ಟೆಯ ಹುಳು ಕಾಡು ಲುಪಿನ್ ಎಲೆ ಬಿಟ್ಟು ಬೇರೇನೂ ತಿನ್ನುವುದಿಲ್ಲ. 1992ರಲ್ಲಿ ಆ ಚಿಟ್ಟೆ ಅಳಿವಿನಂಚಿನ ಪಟ್ಟಿಗೆ ಸೇರಿತು.

ಚಿಟ್ಟೆ ಬೇಕಿದ್ದರೆ ನಮ್ಮ ಗಿಲಿಗಿಲಿ ಗಿಡವೇ ಇದೆಯಲ್ಲ! ಲುಪಿನ್‌ನದ್ದೇ ಕುಟುಂಬ, ಹಾಗೇ ಗೊನೆ ಹೂವು, ಬಣ್ಣ ಮಾತ್ರ ಹಳದಿ. ಅದರ ಒಣಗಿದ ಕಡ್ಡಿ, ಎಲೆಗೆ ಬ್ಲೂ ಟೈಗರ್ ಗಂಡು ಚಿಟ್ಟೆಗಳು ಮುತ್ತಿಕೊಂಡು ರಸ ಹೀರುತ್ತವೆ. ನೀಲಿ ಹೂವೇ ಬೇಕು ಅಂದರೆ ಬೇಲಿಗೆ ಶಂಖಪುಷ್ಪ ಹಬ್ಬಿಸಿ. ಗಿಲಿಗಿಲಿಯ ಕಾಯಿ ಒಣಗಿ ಸದ್ದು ಮಾಡುವಾಗ ಕಿತ್ತು, ಬೀಜ ಉಜ್ಜಿ ಹಾಕಿದರಾಯಿತು. ದನ ಮೇಯುವ ಕಡೆ ಮಾತ್ರ ಬೇಡ, ಅದರಲ್ಲೂ ವಿಷವಿದೆ.