ಬೆಚ್ಚಗಿನ ಕೋಣೆ, ಕತ್ತಲ ಕೋಣೆ: ಅಬರ್ಡೀನ್‌ನ ಬಾಣಂತಿಯ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಹಾಸನ ಕಡೆಯ 31 ವರ್ಷದ ಹೆಣ್ಣುಮಗಳು, ಈಗ ಇರುವುದು ಸ್ಕಾಟ್ಲೆಂಡ್‌ನ ಅಬರ್ಡೀನ್‌ನಲ್ಲಿ. ಮಗುವಿಗೆ ಐದು ತಿಂಗಳು, ಎದೆಹಾಲು ಕುಡಿಯುತ್ತದೆ. ಗಂಡನಿಗೆ ಸಮುದ್ರದೊಳಗಿನ ಎಣ್ಣೆ ಬಾವಿಯಲ್ಲಿ ಕೆಲಸ. ಮೂರು ವಾರ ಅಲ್ಲಿ, ಮೂರು ವಾರ ಮನೆಯಲ್ಲಿ. ಬಾಣಂತನಕ್ಕೆ ಬಂದಿದ್ದ ತಾಯಿ, ಆರು ತಿಂಗಳ ವೀಸಾ ಮುಗಿಯಿತೆಂದು ಡಿಸೆಂಬರ್ ಮೊದಲ ವಾರ ಊರಿಗೆ ಮರಳಿದ್ದರು. ಆ ತಿಂಗಳು ಅಲ್ಲಿ ಬೆಳಗಾಗುವುದು ಎಂಟೂವರೆ ದಾಟಿದ ಮೇಲೆ.

"ಮೂರೂವರೆಗೆ ಕಿಟಕಿ ಕಪ್ಪಾಗುತ್ತೆ ಮೇಡಂ. ಅಲ್ಲಿಂದ ಹದಿನೇಳು ಗಂಟೆ ನಾನು, ಮಗು, ಹೀಟರ್ ಸದ್ದು. ಅಷ್ಟೇ."

ಮನೆಗೆ ಬಂದ ಹೆಲ್ತ್ ವಿಸಿಟರ್ (ತಾಯಿ-ಮಗುವನ್ನು ನೋಡಿಹೋಗುವ ನರ್ಸ್) ಕೇಳಿದಾಗ ಈಕೆ ಇಂಗ್ಲಿಷಿನಲ್ಲಿ "ಫೈನ್, ಸ್ವಲ್ಪ ಸುಸ್ತು" ಅಂದಿದ್ದರು. ಪಕ್ಕದಲ್ಲಿ ಗಂಡ ಕೂತಿದ್ದರು. ಇಂಗ್ಲಿಷ್ ಚೆನ್ನಾಗಿ ಬರುವವರೂ ಸಂಕಟವನ್ನು ಆ ಭಾಷೆಯಲ್ಲಿ ಹೇಳಿಕೊಳ್ಳುವುದಿಲ್ಲ. ಹಾಗಾಗಿ ಇವರಿಗೆ ಊರಿಂದಲೇ ಸಲಹೆ ಕೊಡುತ್ತಿದ್ದ ನಾವು, ಒಬ್ಬರೇ ಇರುವಾಗ, ಕನ್ನಡದಲ್ಲಿ ಎಡಿನ್‌ಬರೋ ಪ್ರಶ್ನಾವಳಿ (ಬಾಣಂತಿ ಖಿನ್ನತೆಯನ್ನು ಗುರುತಿಸುವ ಪ್ರಶ್ನೆಗಳು) ಮಾಡಿಸಿದೆವು. 1987ರಲ್ಲಿ ಪ್ರಕಟವಾದ ಇದರಲ್ಲಿ ಹತ್ತು ಪ್ರಶ್ನೆ, ಹಿಂದಿನ ಏಳು ದಿನಗಳ ಬಗ್ಗೆ. ಒಟ್ಟು ಅಂಕ 30. 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣಲೇಬೇಕು. ಇವರಿಗೆ 16 ಬಂತು. ಸ್ವಂತ ಜೀವಕ್ಕೆ ಹಾನಿ ಮಾಡಿಕೊಳ್ಳುವ ಯೋಚನೆಯ ಹತ್ತನೇ ಪ್ರಶ್ನೆಗೆ ಸೊನ್ನೆ ಇತ್ತು. ಆದರೂ ಬಾಯಿಬಿಟ್ಟೇ ಕೇಳಿದೆವು: "ಸಾಯಬೇಕು ಅಂತ ಅನ್ನಿಸಿದೆಯಾ? ಮಗುಗೆ ಏನಾದರೂ ಮಾಡಿಬಿಡ್ತೀನೇನೋ ಅನ್ನೋ ಭಯ ಇದೆಯಾ?" ಇಲ್ಲ ಎಂದರು. ಕೇಳಿದ್ದರಿಂದ ಇಂಥ ಯೋಚನೆ ಹುಟ್ಟುವುದಿಲ್ಲ. ಕೇಳದಿದ್ದರೆ ಒಳಗಿರುವುದು ಹೊರಗೆ ಬರುವುದಿಲ್ಲ.

ಇನ್ನೊಂದು ಪ್ರಶ್ನೆ ಹೆಚ್ಚು ತಿಳಿಸಿತು. ಮಗು ಮಲಗಿದ ಮೇಲೆ ನಿಮಗೆ ನಿದ್ದೆ ಬರುತ್ತದಾ? ಬರುವುದಿಲ್ಲ, ಮೂರು ಗಂಟೆಗೇ ಎಚ್ಚರ. ಇದು ಬರೀ ದಣಿವಲ್ಲ. ಮದುವೆಯಾಗಿ ಬಂದ ಮೊದಲ ಚಳಿಗಾಲದಲ್ಲೂ ಎರಡು ತಿಂಗಳು ಮಂಕು ಕವಿದು, ಬ್ರೆಡ್ಡು ಸಿಹಿ ತಿಂದು ಮಲಗಿಯೇ ಇದ್ದರಂತೆ. ಅಂದರೆ ಚಳಿಗಾಲದ ಖಿನ್ನತೆಗೆ ಸುಲಭವಾಗಿ ತುತ್ತಾಗುವ ದೇಹ, ಅದರ ಮೇಲೆ ಬಾಣಂತಿ ಖಿನ್ನತೆ.

ಮೊದಲ ಸಲಹೆ, ಅದೇ ವಾರ ಜಿಪಿ (ಅಲ್ಲಿನ ಕುಟುಂಬ ವೈದ್ಯರು) ಹತ್ತಿರ ಹೋಗುವುದು. ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಲು ಹೇಳಿದೆವು. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾದರೂ ಇದೇ ಲಕ್ಷಣ. ಜಿಪಿ ಖಿನ್ನತೆಯ ಮಾತ್ರೆ ಸರ್ಟ್ರಲಿನ್ ಬರೆದುಕೊಟ್ಟರು. ಈಕೆಯ ಭಯ ಹಾಲು ಬಿಡಿಸಬೇಕಾಗುತ್ತದೆಂದು. ಬೇಕಿಲ್ಲ, ಇದು ಹಾಲಿಗೆ ಸೇರುವುದು ತೀರ ಕಡಿಮೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೂರನೇ ದಿನಕ್ಕೇ "ಏನೂ ಆಗಲಿಲ್ಲ" ಎಂದು ಬಿಟ್ಟವರು ಬಹಳ.

ಬೆಳಕಿನ ಪೆಟ್ಟಿಗೆಯನ್ನು (ಚಳಿಗಾಲದ ಖಿನ್ನತೆಗೆ ಬಳಸುವ ಪ್ರಖರ ದೀಪ) ಇವರು ಆಗಲೇ ಕೊಂಡಿದ್ದರು, ಬಳಸುತ್ತಿದ್ದದ್ದು ಮಾತ್ರ ತಪ್ಪು. ಟಿವಿ ಸ್ಟ್ಯಾಂಡಿನ ಮೇಲೆ, ಸೋಫಾದಿಂದ ಹತ್ತು ಅಡಿ ದೂರದಲ್ಲಿ, ಸಂಜೆ ಏಳಕ್ಕೆ. ಡಬ್ಬಿಯ ಮೇಲೆ ಬರೆದ 10,000 ಲಕ್ಸ್ (ಬೆಳಕಿನ ಅಳತೆ) ಸಿಗುವುದು ಮುಖದಿಂದ ಅದು ಹೇಳಿದ ಅಂತರದಲ್ಲಿ ಮಾತ್ರ, ಸಾಮಾನ್ಯವಾಗಿ ಒಂದು-ಒಂದೂವರೆ ಅಡಿ. ಹತ್ತು ಅಡಿಗೆ ಅದು ಮಾಮೂಲಿ ದೀಪವೇ. ಸಂಜೆ ಉರಿಸಿದರೆ ಇದ್ದ ನಿದ್ದೆಯೂ ಹೋಗುತ್ತದೆ. ಎದ್ದ ಒಂದು ಗಂಟೆಯೊಳಗೆ, ಅರ್ಧ ಗಂಟೆ, ಸ್ವಲ್ಪ ಓರೆಗೆ ಇಟ್ಟು, ಕಣ್ಣು ತೆರೆದು, ದೀಪವನ್ನೇ ದಿಟ್ಟಿಸದೆ ಕೂರಬೇಕು. ಹಾಲೂಡಿಸುತ್ತಿದ್ದರೆ ಮಗುವಿನ ಕಣ್ಣಿಗೆ ನೇರ ಬೀಳದಂತೆ ತಿರುಗಿಸಿಡಬೇಕು. ತಮಗಾಗಲಿ ಮನೆಯವರಿಗಾಗಲಿ ಬೈಪೋಲಾರ್ ಕಾಯಿಲೆ (ಅತಿ ಹುರುಪು, ಅತಿ ಮಂಕು ಸರದಿಯಲ್ಲಿ ಬರುವುದು) ಇದ್ದರೆ, ಕಣ್ಣಿನ ತೊಂದರೆ ಇದ್ದರೆ, ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಇದು ಔಷಧಿಗೆ ಜೊತೆ, ಅದರ ಬದಲಿ ಅಲ್ಲ.

ಈ ದೀಪದಿಂದ ವಿಟಮಿನ್ ಡಿ ಸಿಗುವುದೂ ಇಲ್ಲ, ಅದಕ್ಕೆ ಬೇಕಾದ ಕಿರಣವನ್ನು ಸೋಸಿಯೇ ಮಾಡಿರುತ್ತಾರೆ. ತಾಯಿಗೆ ದಿನಕ್ಕೆ 10 ಮೈಕ್ರೋಗ್ರಾಂ ಮಾತ್ರೆ, ಎದೆಹಾಲಿನ ಮಗುವಿಗೆ 8.5ರಿಂದ 10 ಮೈಕ್ರೋಗ್ರಾಂ ಹನಿ ಬೇರೆ ಕೊಡಬೇಕು.

ನಿಜವಾಗಿ ಕಷ್ಟವಾದದ್ದು ಕಿಟಕಿ ಪರದೆಯ ವಿಷಯ. ಅಮ್ಮ ಫೋನಿನಲ್ಲಿ ದಿನಾ ಹೇಳುತ್ತಿದ್ದರು: "ಬಾಗಿಲು ತೆಗೀಬೇಡ ಮಗಳೇ, ಶೀತ ಹತ್ತುತ್ತೆ." ಬಾಣಂತಿ ಕೋಣೆಯ ನಮ್ಮ ಪದ್ಧತಿ ಹುಟ್ಟಿದ್ದು ಅಂಗಳದಲ್ಲಿ ಬಿಸಿಲು ಬೀಳುವ ಊರಿನಲ್ಲಿ. ಅದನ್ನೇ ಅಬರ್ಡೀನ್‌ಗೆ ಒಯ್ದರೆ ಸಿಗುವ ಏಳು ಗಂಟೆ ಬೆಳಕೂ ಹೋಯಿತು. ಅಮ್ಮನನ್ನೇ ವಿಡಿಯೋ ಕಾಲ್‌ಗೆ ಕರೆದು ಹೇಳಿದೆವು: "ಅಮ್ಮಾ, ಕಿವಿಗೆ ಹತ್ತಿ ಇಟ್ಕೊಳ್ಲಿ, ತಲೆಗೆ ಕಟ್ಕೊಳ್ಲಿ, ಮೆಣಸಿನ ಸಾರು ಕುಡೀಲಿ. ಮಧ್ಯಾಹ್ನ ಹನ್ನೆರಡಕ್ಕೆ ಮಾತ್ರ ಮಗೂನ ಪ್ರಾಮ್‌ನಲ್ಲಿ ಹಾಕ್ಕೊಂಡು ಅರ್ಧ ಗಂಟೆ ಹೊರಗೆ ಹೋಗ್ಲಿ." ಬೆಚ್ಚಗಿರುವುದನ್ನು ಬಿಡಿಸುತ್ತಿಲ್ಲ ಎಂದು ಗೊತ್ತಾದ ಮೇಲೆ ಅವರು ಒಪ್ಪಿದರು. ಮೋಡ ಕವಿದ ನಡುಮಧ್ಯಾಹ್ನದ ಬೆಳಕೂ ಕೋಣೆಯ ದೀಪಕ್ಕಿಂತ ಹಲವು ಪಟ್ಟು. ರಸ್ತೆಯಲ್ಲಿ ಹಿಮ ಗಟ್ಟಿಯಾಗಿ ಜಾರುವ ದಿನ ಲೈಬ್ರರಿಯಲ್ಲಿ ಪುಟ್ಟ ಮಕ್ಕಳಿಗಾಗಿ ನಡೆಯುವ ಬುಕ್‌ಬಗ್ ಹಾಡಿನ ಕೂಟಕ್ಕೆ ಹೋಗುವುದು ಎಂದಾಯಿತು. ದುಡ್ಡಿಲ್ಲ, ಮಕ್ಕಳ ತಾಯಂದಿರು ಸಿಗುತ್ತಾರೆ.

ಅಮ್ಮನ ಫೋನ್ ಬರುತ್ತಿದ್ದದ್ದು ನಮ್ಮಲ್ಲಿ ರಾತ್ರಿ ಒಂಬತ್ತಕ್ಕೆ, ಅಂದರೆ ಅಲ್ಲಿ ಕತ್ತಲಾಗುವ ಮೂರೂವರೆಗೆ. ಮಾತು ಮುಗಿದ ಮೇಲೆ ಅಳು. ಅದನ್ನು ಅಲ್ಲಿನ ಬೆಳಿಗ್ಗೆ ಎಂಟಕ್ಕೆ ಬದಲಿಸಿದೆವು. ಅಮ್ಮ ಊಟ ಮುಗಿಸಿ ಕೂತಿರುತ್ತಾರೆ, ಮಗಳು ದೀಪದ ಮುಂದೆ.

ಗಂಡ ಮನೆಯಲ್ಲಿರುವ ಮೂರು ವಾರ ರಾತ್ರಿ ಹತ್ತರಿಂದ ಮೂರರವರೆಗೆ ಮಗು ಅವರದ್ದು, ಹಿಂಡಿಟ್ಟ ಹಾಲಿನ ಬಾಟಲಿಯೊಂದಿಗೆ. ತಾಯಿ ಬೇರೆ ಕೋಣೆಯಲ್ಲಿ ಮಲಗಬೇಕು. ಅದೇ ಕೋಣೆಯಲ್ಲಿದ್ದರೆ ಮಗು ಮಿಸುಕಿದರೂ ಎಚ್ಚರ. ಅವರಿಲ್ಲದ ವಾರಗಳಿಗೆ ಕೆಳಮನೆಯ ಗೆಳತಿ ವಾರಕ್ಕೆರಡು ಮಧ್ಯಾಹ್ನ ಬಂದರು.

ಎರಡು ರಾತ್ರಿ ಕಣ್ಣೇ ಮುಚ್ಚದೆಯೂ ಹುರುಪಿನಲ್ಲಿರುವುದು, ಯಾರಿಗೂ ಕೇಳದ ದನಿ ಕೇಳುವುದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ, ಸಾಯುವ ಮಾತು, ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆ: ಅಲ್ಲಿ ತುರ್ತು ಕರೆ 999. ಕರ್ನಾಟಕದಲ್ಲಿ ಮಾನಸಿಕ ಆರೋಗ್ಯದ ಸಹಾಯವಾಣಿ 14416 ಟೆಲಿ ಮಾನಸ್ ಕನ್ನಡದಲ್ಲೇ ಸಿಗುತ್ತದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇಟ್ಟು ನೋಡುವ ವಾರ್ಡ್ ಇದೆ.

ಆರು ವಾರದ ಮೇಲೆ ಅಂಕ 9. ಗಂಡ ಕೆಲಸಕ್ಕೆ ಹೊರಟ ಮೊದಲೆರಡು ದಿನ ಈಗಲೂ ಭಾರ; ಆ ದಿನಗಳಿಗೇ ನಮ್ಮ ಮಾತುಕತೆ ಇಟ್ಟುಕೊಂಡಿದ್ದೇವೆ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವಂತಿಲ್ಲ. ದೀಪವನ್ನು ಸೆಪ್ಟೆಂಬರ್ ಕೊನೆಯ ವಾರವೇ ಮೇಜಿಗೆ ತರಬೇಕು. ಅಮ್ಮನ ಮುಂದಿನ ಟಿಕೆಟ್ಟು ಜೂನ್‌ಗಲ್ಲ, ಅಕ್ಟೋಬರ್‌ಗೆ.