ಎ320 ವಿಮಾನ ನೆಲದ ಮೇಲಿದ್ದಾಗ ಎಪಿಯು (ಬಾಲದಲ್ಲಿದ್ದು ಕರೆಂಟು, ಎಂಜಿನ್ ಶುರುಮಾಡುವ ಗಾಳಿ ಕೊಡುವ ಪುಟ್ಟ ಎಂಜಿನ್) ಬೆಂಕಿ ತಾನಾಗೇ ಆರುತ್ತದೆ ಅಂದಮೇಲೆ, ಬೆಂಕಿ ಪತ್ತೆಹಚ್ಚುವ ಫೈರ್ ಲೂಪ್ ಕೆಲಸಕ್ಕೆ ಇಷ್ಟೊಂದು ಮಡಿ ಯಾಕೆ? ಎರಡನೇ ಲೂಪ್ ಸ್ಪೇರ್ ತಾನೇ?

ತಾನಾಗೇ ಆರಿಸುತ್ತದೆ ಅನ್ನೋದಕ್ಕೇ ಅಷ್ಟು ಮಡಿ. ಎರಡನೇ ಲೂಪ್ ಸ್ಪೇರ್ ಅಂತ ನಿಮಗೆ ಯಾರು ಹೇಳಿದರೋ, ನನಗೂ ಅಂಥವರೇ ಹೇಳಿದ್ದರು.

ರಾತ್ರಿ ಪಾಳಿ. ಬೆಳಗ್ಗೆ ಮೊದಲು ಹೊರಡಬೇಕಾದ ವಿಮಾನ. ಲಾಗ್‌ಬುಕ್‌ನಲ್ಲಿ 'ಎಪಿಯು ಫೈರ್ ಲೂಪ್ ಎ ಫಾಲ್ಟ್', ಅದೂ ಬಂದು ಹೋಗುವ ಫಾಲ್ಟ್. ಲೂಪ್ ಅಂದರೆ ತೆಳು ಲೋಹದ ಕೊಳವೆ, ಒಳಗೆ ಹೀಲಿಯಂ. ಬಿಸಿ ಏರಿದರೆ ಒತ್ತಡ ಹೆಚ್ಚಿ ಒಂದು ಸ್ವಿಚ್ ಬೆಂಕಿ ಅನ್ನುತ್ತದೆ. ಅನಿಲ ಸೋರಿದರೆ ಇನ್ನೊಂದು ಸ್ವಿಚ್ ಫಾಲ್ಟ್ ಅನ್ನುತ್ತದೆ. ದೋಷ ಕೊಳವೆಯದೋ ವೈರಿಂದೋ ತಿಳಿಯಲು ಎ, ಬಿ ಕನೆಕ್ಟರ್‌ಗಳನ್ನು ಅದಲುಬದಲು ಮಾಡಹೊರಟೆ. ಗ್ರೌಂಡ್ ಪವರ್ (ಹೊರಗಿನಿಂದ ಕೊಡುವ ಕರೆಂಟು) ಆನ್ ಇತ್ತು, ಕರೆಂಟು ಕಡಿಯುವ ಸರ್ಕ್ಯೂಟ್ ಬ್ರೇಕರ್ ಎಳೆದಿರಲಿಲ್ಲ. ಎ ಬಿಚ್ಚಿದವನೇ ಬಿ ಬಿಚ್ಚಿದೆ.

ಇಲ್ಲಿ ಸ್ವಲ್ಪ ಗಮನ ಕೊಟ್ಟು ಓದಿ. ಎರಡೂ ಲೂಪ್ ಬೆಂಕಿ ಅಂದರೆ ಬೆಂಕಿ. ಒಂದು ಕೆಟ್ಟು ಇನ್ನೊಂದು ಬೆಂಕಿ ಅಂದರೂ ಬೆಂಕಿಯೇ. ಎರಡೂ ಸರಿಯಿದ್ದು ಒಂದೇ ಕೂಗಿದರೆ ವಾರ್ನಿಂಗ್ ಇಲ್ಲ, ಸುಳ್ಳು ಎಚ್ಚರಿಕೆ ತಡೆಯಲೆಂದೇ ಎರಡು. ಆದರೆ 5 ಸೆಕೆಂಡಿನೊಳಗೆ ಎರಡೂ ಕಡಿದುಹೋದರೆ ಡಿಟೆಕ್ಷನ್ ಯೂನಿಟ್ ಅದನ್ನೂ ಬೆಂಕಿ ಅಂತಲೇ ಓದುತ್ತದೆ: ಜ್ವಾಲೆಯೇ ಎರಡನ್ನೂ ಸುಟ್ಟಿರಬಹುದಲ್ಲ! ಎ ಮೊದಲೇ ಸತ್ತಿದ್ದರೆ ನಾನು ಬಚಾವ್. ಆ ಗಳಿಗೆಯಲ್ಲಿ ಅದು ಸರಿಯಾಗಿತ್ತು. ಒಂದು ಬಿಚ್ಚಿ ಬೀಡಿ ಸೇದಿ ಬಂದು ಇನ್ನೊಂದು ಬಿಚ್ಚಿದ್ದರೂ ನಡೆಯುತ್ತಿತ್ತು (ವಿಮಾನ ನಿಲ್ಲುವ ಏಪ್ರನ್‌ನಲ್ಲಿ ಸೇದಬೇಡಿ).

ಮೂಗಿನ ಕೆಳಗಿನ ಹಾರ್ನ್ ಹೊಡೆದುಕೊಳ್ಳತೊಡಗಿತು. ಸ್ಕ್ವಿಬ್ (ಬಾಟಲಿಯ ಬಾಯಿ ಒಡೆಯುವ ಪುಟ್ಟ ಸಿಡಿಮದ್ದು) ಸಿಡಿದು, ಬೆಂಕಿ ಆರಿಸುವ ಅನಿಲದ ಇದ್ದ ಒಂದೇ ಬಾಟಲಿ ಖಾಲಿ. ನಾನು ಇಳಿದು ಬಾಲದ ಹೊರಮೈ ಮೇಲಿನ ಕೆಂಪು ಬಿಲ್ಲೆ ನೋಡಿದೆ. ಇತ್ತು! ಬದುಕಿದೆ ಅಂದುಕೊಂಡೆ. ಆದರೆ ಆ ಬಿಲ್ಲೆ ಹಾರುವುದು ಬಾಟಲಿ ಕಾದು, ಒತ್ತಡ ಮಿತಿಮೀರಿ ಹೊರಗೆ ಬಿಟ್ಟುಕೊಂಡಾಗ ಮಾತ್ರ. ಸ್ಕ್ವಿಬ್ ಒಡೆದಾಗ ಅದು ಅಲುಗುವುದೇ ಇಲ್ಲ. ಕಾಕ್‌ಪಿಟ್‌ನಲ್ಲಿ 'ಡಿಸ್ಚಾರ್ಜ್' ದೀಪ ಹೊತ್ತಿದ್ದನ್ನು ಸೀನಿಯರ್ ತೋರಿಸಿದರು. ಬೈಯಲಿಲ್ಲ, ಅದೇ ಹೆದರಿಕೆ.

ಸ್ಟೋರ್ಸ್‌ನಲ್ಲಿ ಬಾಟಲಿ ಇರಲಿಲ್ಲ. ಅದರೊಳಗಿನ ಅನಿಲ, ಹ್ಯಾಲಾನ್ 1301, ಬೆಂಕಿ ಆರಿಸಲೆಂದು ಹೊಸದಾಗಿ ತಯಾರಾಗುವುದಿಲ್ಲ. ಓಝೋನ್ ಕಾರಣಕ್ಕೆ ಮಾಂಟ್ರಿಯಲ್ ಒಪ್ಪಂದದಡಿ ಶ್ರೀಮಂತ ದೇಶಗಳು 1994ಕ್ಕೆ, ನಮ್ಮಂಥವು 2010ಕ್ಕೆ ನಿಲ್ಲಿಸಿದವು. ಹಳೆಯದನ್ನೇ ಶುದ್ಧಮಾಡಿ ತುಂಬುತ್ತಾರೆ. ವಿಮಾನ ಎಪಿಯು ಇಲ್ಲದೆ, ಏರ್ ಸ್ಟಾರ್ಟ್ ಗಾಡಿ ಹಚ್ಚಿಸಿಕೊಂಡು, ತಡವಾಗಿ ಹೊರಟಿತು. ನನ್ನ ಲೈಸೆನ್ಸ್ ಪರೀಕ್ಷೆಗೆ ಬೇಕಿದ್ದ ಶಿಫಾರಸು ಆ ವರ್ಷ ಸಿಗಲಿಲ್ಲ.

ಬ್ರೇಕರ್ ಎಳೆದು, ಟ್ಯಾಗ್ ಕಟ್ಟಿ, ಆಮೇಲೆ ಸ್ಪ್ಯಾನರ್ ಮುಟ್ಟಿ. ಶಾರ್ಟ್‌ಕಟ್ ಕಲಿಸುವ ಸೀನಿಯರ್ ಸಿಕ್ಕರೆ ಪಾಳಿ ಬದಲಿಸಿಕೊಳ್ಳಿ.

ಇನ್ನೊಂದು, 'ತಾನಾಗೇ' ಅನ್ನೋದು ನೆಲದ ಮೇಲಷ್ಟೇ, ಅಲ್ಲಿ ಕಾಕ್‌ಪಿಟ್ ಖಾಲಿಯಿರಬಹುದು ಅಂತ. ಗಾಳಿಯಲ್ಲಿ ಪೈಲಟ್ಟೇ ಎಪಿಯು ಫೈರ್ ಬಟನ್ ಒತ್ತಿ, ಆಮೇಲೆ ಬಾಟಲಿ ಬಿಡುವ ಏಜೆಂಟ್ ಬಟನ್ ಒತ್ತಬೇಕು. ಬೋಯಿಂಗ್ 737 ಎನ್‌ಜಿಗೆ ಹೋದರೆ ಇದೇ ಪಾಠ ಒಪ್ಪಿಸಬೇಡಿ: ಅಲ್ಲಿ ಎಪಿಯು ತಾನೇ ನಿಲ್ಲುತ್ತದೆ, ಬಾಟಲಿ ಮಾತ್ರ ನೆಲದ ಮೇಲೂ ಯಾರಾದರೂ ಕೈಯಾರೆ ಬಿಡಬೇಕು, ಅದಕ್ಕೆ ಬಲಗಡೆಯ ವೀಲ್ ವೆಲ್‌ನಲ್ಲೂ (ಚಕ್ರ ಮಡಚಿ ಸೇರುವ ಗೂಡು) ಒಂದು ಹಿಡಿಕೆ ಇದೆ.